ಮಾತ್ರೆ ನಿಲ್ಲಿಸಬೇಡಿ, ಬದಲಿ ಕೇಳಿ: ಲೈಂಗಿಕ ತೊಂದರೆ ಕೊಡುವ ಔಷಧಗಳು ಮತ್ತು ಅವುಗಳ ಪರ್ಯಾಯಗಳು

ಬಿಪಿ, ಖಿನ್ನತೆ, ಪ್ರಾಸ್ಟೇಟ್, ಗ್ಯಾಸ್ಟ್ರಿಕ್. ಇವಕ್ಕೆ ಕೊಡುವ ಕೆಲವು ಮಾತ್ರೆಗಳು ಲೈಂಗಿಕ ಜೀವನಕ್ಕೆ ಅಡ್ಡ ಬರುತ್ತವೆ. ಆಸಕ್ತಿ ಕಡಿಮೆಯಾಗುತ್ತದೆ. ನಿಮಿರುವಿಕೆ ಸರಿಯಾಗಿ ಬರುವುದಿಲ್ಲ. ವೀರ್ಯ ತುಂಬಾ ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಹೆಂಗಸರಿಗೆ ಯೋನಿ ಒಣಗಿ ನೋವಾಗುತ್ತದೆ. ಡಾಕ್ಟರು ಇದನ್ನು ಕೇಳುವುದು ಅಪರೂಪ, ನಾವಾಗಿ ಹೇಳುವುದು ಇನ್ನೂ ಅಪರೂಪ. ಹೀಗಾಗಿ ಎಷ್ಟೋ ಜನ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ.

ಮೆಡಿಕಲ್ ಶಾಪ್ ಕೌಂಟರಿನ ಹಿಂದೆ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ತಿಂಗಳ ಚೀಟಿ ತಂದವರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ಬೇಡ, ಉಳಿದದ್ದು ಕೊಡಿ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ "ಮನೇಲಿ ಇನ್ನೂ ಇದೆ" ಅನ್ನುತ್ತಾರೆ. ಮುಂದಿನ ತಿಂಗಳೂ ಅದೇ ಸಾಲು, ಅದೇ ಉತ್ತರ. ಅಂಗಡಿ ಖಾಲಿ ಇದ್ದ ಹೊತ್ತಲ್ಲಿ ಮೆಲ್ಲಗೆ ಕೇಳಿದರೆ ನಿಜ ಹೊರಬರುತ್ತದೆ. ನನಗೆ ಬೇಜಾರಾಗುವುದು ಇಲ್ಲೇ. ಅದೇ ಕಾಯಿಲೆಗೆ ಈ ತೊಂದರೆ ಕೊಡದ ಅಥವಾ ಕಡಿಮೆ ಕೊಡುವ ಮಾತ್ರೆ ಬಹಳಷ್ಟು ಸಲ ಅದೇ ಅಂಗಡಿಯ ಪಕ್ಕದ ರ‍್ಯಾಕಿನಲ್ಲೇ ಇರುತ್ತದೆ. ಯಾವುದನ್ನು ಯಾವುದಕ್ಕೆ ಬದಲಿಸಬಹುದು, ಎಲ್ಲಿ ಬದಲಿಸಬಾರದು ಅನ್ನುವುದನ್ನು ಇಲ್ಲಿ ಹೋಲಿಸಿ ಹೇಳಿದ್ದೇನೆ. ಬದಲಾವಣೆ ಮಾತ್ರ ಡಾಕ್ಟರ ಕೈಯಿಂದಲೇ ಆಗಬೇಕು.

ಮೊದಲು ನೋಡಬೇಕಾದ್ದು: ಮಾತ್ರೆಯೋ, ಕಾಯಿಲೆಯೋ?

ಎಲ್ಲದಕ್ಕೂ ಮಾತ್ರೆಯನ್ನು ಬೈಯಬೇಡಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ನರ ಮತ್ತು ರಕ್ತನಾಳ ಎರಡಕ್ಕೂ ಪೆಟ್ಟು ಬೀಳುತ್ತದೆ, ಅದರಿಂದಲೇ ನಿಮಿರುವಿಕೆ ಹೋಗುತ್ತದೆ. ಬಿಪಿಯೂ ಅಷ್ಟೇ, ಸಿಗರೇಟೂ ಅಷ್ಟೇ. ಖಿನ್ನತೆ ಇದ್ದವರಿಗೆ ಆಸಕ್ತಿ ಕುಗ್ಗುವುದು ಕಾಯಿಲೆಯದ್ದೇ ಒಂದು ಲಕ್ಷಣ.

ಕಂಡುಹಿಡಿಯಲು ಒಂದು ಸರಳ ದಾರಿ ದಿನಾಂಕ ನೋಡುವುದು. ಹಳೆಯ ಚೀಟಿಗಳನ್ನು ತೆಗೆದು, ಯಾವ ಮಾತ್ರೆ ಯಾವಾಗ ಶುರುವಾಯಿತು, ಡೋಸ್ ಯಾವಾಗ ಏರಿತು, ತೊಂದರೆ ಯಾವಾಗಿನಿಂದ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹೊಸ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ತೊಂದರೆ ಬಂದಿದ್ದರೆ ಮಾತ್ರೆಯ ಮೇಲೆ ಅನುಮಾನ ಜಾಸ್ತಿ. ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತಾ ಬಂದಿದ್ದರೆ ಕಾಯಿಲೆಯ ಮೇಲೆ ಜಾಸ್ತಿ. ಹೀಗೆ ನಿಧಾನವಾಗಿ ಬಂದ ನಿಮಿರುವಿಕೆಯ ತೊಂದರೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು, ಹಾಗಾಗಿ ಕೊಬ್ಬು ಕಟ್ಟುವುದು ಎಷ್ಟೋ ಸಲ ಮೊದಲು ಅಲ್ಲಿ ಗೊತ್ತಾಗುತ್ತದೆ. ಒಮ್ಮೆ ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಶುಗರ್ ಮಾತ್ರೆಗಳ ಬಗ್ಗೆ ಜನರಿಗೆ ಭಯ ಜಾಸ್ತಿ, ಆದರೆ ಮೆಟ್‌ಫಾರ್ಮಿನ್ ಅಂಥ ತೊಂದರೆ ಕೊಡುವ ಮಾತ್ರೆ ಅಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರ ಬೇರೆ ರೀತಿಯಲ್ಲಿ ಕಾಡಬಹುದು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಅದರಿಂದ ಜನನಾಂಗದಲ್ಲಿ ಫಂಗಸ್ ಸೋಂಕು ಬಂದು ತುರಿಕೆ, ಉರಿ ಆಗುತ್ತದೆ. ತೊಳೆದು ಒಣಗಿಸಿಕೊಳ್ಳುವುದು, ಬಂದಾಗ ಮುಲಾಮು ಹಚ್ಚುವುದು ಬಹಳ ಜನಕ್ಕೆ ಸಾಕಾಗುತ್ತದೆ.

ಬಿಪಿ ಮಾತ್ರೆಗಳು: ಇಲ್ಲಿ ಆಯ್ಕೆ ಧಾರಾಳ

ಬದಲಿಸುವುದು ಎಲ್ಲಕ್ಕಿಂತ ಸುಲಭ ಇಲ್ಲೇ. ಬಿಪಿಗೆ ಐದಾರು ಬಗೆಯ ಮಾತ್ರೆಗಳಿವೆ, ಲೈಂಗಿಕ ತೊಂದರೆಯ ವಿಷಯದಲ್ಲಿ ಅವೆಲ್ಲ ಒಂದೇ ಅಲ್ಲ.

ತೊಂದರೆ ಜಾಸ್ತಿ ಕೇಳಿಬರುವುದು ಎರಡು ಗುಂಪಿನಲ್ಲಿ. ಒಂದು, ನೀರು ಹೊರಹಾಕುವ ಮಾತ್ರೆಗಳು: ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್. ಇನ್ನೊಂದು, ಹೃದಯದ ಬಡಿತವನ್ನು ನಿಧಾನಿಸುವ ಬೀಟಾ ಬ್ಲಾಕರ್‌ಗಳಲ್ಲಿ ಹಳೆಯವು: ಅಟೆನೊಲಾಲ್, ಪ್ರೊಪ್ರಾನೊಲಾಲ್, ಸ್ವಲ್ಪ ಮಟ್ಟಿಗೆ ಮೆಟೊಪ್ರೊಲಾಲ್. ಸ್ಪೈರೊನೊಲ್ಯಾಕ್ಟೋನ್ ಅಂತ ಇನ್ನೊಂದಿದೆ. ಅದು ಗಂಡಸರಲ್ಲಿ ಎದೆ ಊದಿಸಿ ನೋವು ತರಬಹುದು, ಆಸಕ್ತಿಯನ್ನೂ ಕುಗ್ಗಿಸಬಹುದು. ಅದರ ಬದಲಿಗೆ ಎಪ್ಲೆರೆನೋನ್ ಕೊಟ್ಟರೆ ಈ ಕಾಟ ಬಹಳ ಕಡಿಮೆ.

ತೊಂದರೆ ಕೊಡದ ಸಾಲಿನಲ್ಲಿ ಟೆಲ್ಮಿಸಾರ್ಟನ್, ಲೊಸಾರ್ಟನ್, ವಲ್ಸಾರ್ಟನ್ ಬರುತ್ತವೆ. ಕೆಲವು ಅಧ್ಯಯನಗಳಲ್ಲಿ ಇವುಗಳಿಂದ ಸ್ವಲ್ಪ ಸುಧಾರಣೆಯೂ ಕಂಡಿದೆ. ಅಮ್ಲೋಡಿಪಿನ್, ಎನಲಾಪ್ರಿಲ್, ರಾಮಿಪ್ರಿಲ್ ಹೆಚ್ಚುಕಡಿಮೆ ತಟಸ್ಥ. ಬೀಟಾ ಬ್ಲಾಕರ್ ಬೇಕೇಬೇಕು ಅನ್ನುವವರಿಗೆ ನೆಬಿವೊಲಾಲ್ ಇದೆ. ಅದು ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಹೆಚ್ಚಿಸುತ್ತದೆ, ನಿಮಿರುವಿಕೆಗೂ ಅದೇ ಬೇಕು. ಅಟೆನೊಲಾಲ್‌ಗೆ ಹೋಲಿಸಿದರೆ ನಾನು ಕಣ್ಣುಮುಚ್ಚಿ ನೆಬಿವೊಲಾಲ್ ಬಗ್ಗೆ ಕೇಳಿ ಅನ್ನುತ್ತೇನೆ.

ಈಗ ನಿಮ್ಮ ಸ್ಟ್ರಿಪ್ ತಿರುಗಿಸಿ ನೋಡಿ. ನಮ್ಮಲ್ಲಿ ಬಿಪಿ ಮಾತ್ರೆ ಒಂಟಿಯಾಗಿ ಬರುವುದು ಕಡಿಮೆ, ಎರಡು ಮೂರು ಔಷಧ ಸೇರಿ ಬರುತ್ತದೆ. ಬ್ರ್ಯಾಂಡಿನ ಹೆಸರಿನ ಕೊನೆಯಲ್ಲಿ ಎಚ್ ಅಕ್ಷರ ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ ಅಂತ ಅರ್ಥ. ಎಎಮ್ ಅಂದರೆ ಅಮ್ಲೋಡಿಪಿನ್. ಎಟಿ ಇದ್ದರೆ ಅಟೆನೊಲಾಲ್ ಇರಬಹುದು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಟೆಲ್ಮಿಸಾರ್ಟನ್ 40 ಎಂಜಿ, ಹೈಡ್ರೋಕ್ಲೋರೋಥಯಾಜೈಡ್ 12.5 ಎಂಜಿ" ಅಂತ ಬರೆದಿರುತ್ತದೆ. "ನನಗೆ ಒಂದೇ ಮಾತ್ರೆ ಕೊಟ್ಟಿದ್ದಾರೆ" ಅಂದುಕೊಂಡವರು ನಿಜವಾಗಿ ಎರಡು ತಗೊಳ್ಳುತ್ತಿರುತ್ತಾರೆ. ಎಚ್ ಇರುವುದನ್ನು ಎಎಮ್ ಇರುವುದಕ್ಕೆ ಬದಲಿಸಬಹುದೇ ಅನ್ನುವುದು ಡಾಕ್ಟರಿಗೆ ಕೇಳಲು ತುಂಬಾ ಒಳ್ಳೆಯ ಪ್ರಶ್ನೆ.

ಹಾಗಂತ ನೀರಿನ ಮಾತ್ರೆಗೆ ಪೂರ್ತಿ ಹೆದರಬೇಕಿಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, 2 ವರ್ಷ ಕ್ಲೋರ್ಥಾಲಿಡೋನ್ ತೆಗೆದುಕೊಂಡ ಗಂಡಸರಲ್ಲಿ ಶೇ. 17ರಷ್ಟು ಮಂದಿಗೆ ನಿಮಿರುವಿಕೆಯ ತೊಂದರೆ ಬಂದಿತ್ತು. ಔಷಧವೇ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲೂ ಶೇ. 8ರಷ್ಟು ಮಂದಿಗೆ ಬಂದಿತ್ತು. 4 ವರ್ಷದ ಹೊತ್ತಿಗೆ ಎರಡರ ನಡುವಿನ ಅಂತರ ಹೆಚ್ಚು ಉಳಿದಿರಲಿಲ್ಲ. ಹೃದಯದ ವೈಫಲ್ಯ, ಕಾಲು ಊತ ಇದ್ದವರಿಗೆ ನೀರಿನ ಮಾತ್ರೆ ಬೇಕೇಬೇಕಾಗಬಹುದು.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಟಲಿಯ ಡಾಕ್ಟರುಗಳು 96 ಗಂಡಸರಿಗೆ ಅಟೆನೊಲಾಲ್ ಕೊಟ್ಟು ನೋಡಿದರು. ಯಾವ ಮಾತ್ರೆ ಅಂತಲೇ ಹೇಳದವರಲ್ಲಿ ಸುಮಾರು ಶೇ. 3ರಷ್ಟು ಮಂದಿ ತೊಂದರೆ ಹೇಳಿಕೊಂಡರು. ಮಾತ್ರೆಯ ಹೆಸರು ಮಾತ್ರ ಹೇಳಿದವರಲ್ಲಿ ಶೇ. 16ರಷ್ಟು. ಇದರಿಂದ ನಿಮಿರುವಿಕೆಗೆ ತೊಂದರೆ ಆಗಬಹುದು ಅಂತಲೂ ಹೇಳಿದವರಲ್ಲಿ ಶೇ. 31ರಷ್ಟು. ಮಾತ್ರೆ ಒಂದೇ, ಭಯ ಬೇರೆ ಬೇರೆ. ಇದನ್ನು ಓದಿ ನಿಮಗೂ ಆತಂಕ ಹುಟ್ಟಬಹುದು ಅನ್ನುವ ಅಳುಕು ನನಗಿದೆ. ಆದರೂ ಗೊತ್ತಿದ್ದು ಧೈರ್ಯವಾಗಿ ಕೇಳುವುದು, ಗೊತ್ತಿಲ್ಲದೆ ಮಾತ್ರೆ ಬಿಡುವುದಕ್ಕಿಂತ ಎಷ್ಟೋ ಮೇಲು. ನಿಮಗೆ ತೊಂದರೆ ಇಲ್ಲ ಅಂದರೆ ಏನೂ ಬದಲಿಸಬೇಡಿ.

ಬೀಟಾ ಬ್ಲಾಕರ್ ಅನ್ನು ಮಾತ್ರ ಒಂದೇ ಸಲಕ್ಕೆ ನಿಲ್ಲಿಸಲೇಬಾರದು. ಎದೆನೋವು ಬರಬಹುದು, ಹೃದಯಾಘಾತವೂ ಆಗಬಹುದು. ಅದನ್ನು ನಿಧಾನವಾಗಿಯೇ ಇಳಿಸಬೇಕು.

ಖಿನ್ನತೆ, ಆತಂಕದ ಮಾತ್ರೆಗಳು

ಇಲ್ಲಿ ತೊಂದರೆಯೂ ಜಾಸ್ತಿ, ಮುಚ್ಚಿಡುವುದೂ ಜಾಸ್ತಿ. ಸ್ಪೇನ್ ದೇಶದ 1997ರ ಅಧ್ಯಯನವೊಂದರಲ್ಲಿ ತಾವಾಗಿಯೇ ಬಾಯಿಬಿಟ್ಟವರು ಶೇ. 14. ಡಾಕ್ಟರು ನೇರವಾಗಿ ಕೇಳಿದಾಗ ಹೌದು ಅಂದವರು ಶೇ. 58. ಮಾತಾಡದೆ ಉಳಿದವರು ಎಷ್ಟು ಜನ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಹೆಚ್ಚು ಬಳಕೆಯಲ್ಲಿರುವ ಎಸ್ಸಿಟಲೊಪ್ರಾಮ್, ಸರ್ಟ್ರಲಿನ್, ಫ್ಲೂಕ್ಸೆಟಿನ್, ಪ್ಯಾರೊಕ್ಸೆಟಿನ್ ಎಲ್ಲವೂ ಮೆದುಳಿನಲ್ಲಿ ಸೆರೊಟೋನಿನ್ ಹೆಚ್ಚಿಸುತ್ತವೆ. ಮನಸ್ಸಿಗೆ ಒಳ್ಳೆಯದು ಮಾಡುವ ಅದೇ ಕೆಲಸ ಲೈಂಗಿಕ ತೃಪ್ತಿಯನ್ನು ತಡ ಮಾಡುತ್ತದೆ. ಈ ಗುಂಪಿನಲ್ಲಿ ಪ್ಯಾರೊಕ್ಸೆಟಿನ್ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ವೆನ್ಲಾಫ್ಯಾಕ್ಸಿನ್ ಕೂಡ ಕಡಿಮೆಯೇನಲ್ಲ. ಹಳೆಯ ಕ್ಲೋಮಿಪ್ರಮಿನ್ ಕೂಡ ಇದೇ ಸಾಲಿಗೆ ಸೇರುತ್ತದೆ. ಶೀಘ್ರ ಸ್ಖಲನಕ್ಕೆ ಕೊಡುವ ಡಾಪಾಕ್ಸೆಟಿನ್ ಇದೇ ಕುಟುಂಬದ್ದು. ತಡ ಮಾಡುವ ಗುಣವನ್ನೇ ಅಲ್ಲಿ ಔಷಧವಾಗಿ ಬಳಸುತ್ತಾರೆ.

ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಕಾಯುವುದು. ಕೆಲವರಿಗೆ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆದರೆ ಹೆಚ್ಚಿನವರಿಗೆ ಹೋಗುವುದಿಲ್ಲ. ಮನಸ್ಸು ಇನ್ನೂ ಪೂರ್ತಿ ಸುಧಾರಿಸದ ಮೊದಲ ಕೆಲವು ವಾರಗಳಲ್ಲಿ ಮಾತ್ರ ಕಾಯುವುದಕ್ಕೆ ಅರ್ಥವಿದೆ.

ಡೋಸ್ ಇಳಿಸುವುದು. ಕಾಯಿಲೆ ಹತೋಟಿಗೆ ಬಂದು ಕೆಲವು ತಿಂಗಳಾಗಿದ್ದರೆ ಡಾಕ್ಟರ ಜೊತೆ ಮಾತಾಡಿ ಪ್ರಯತ್ನಿಸಬಹುದು. ವಾರದ ಕೊನೆಯಲ್ಲಿ ಎರಡು ದಿನ ಬಿಡುವ ಉಪಾಯ ಕೆಲವರು ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಪ್ಯಾರೊಕ್ಸೆಟಿನ್ ಎರಡು ದಿನ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಬಹುದು. ಫ್ಲೂಕ್ಸೆಟಿನ್ ವಾರಗಟ್ಟಲೆ ಮೈಯಲ್ಲೇ ಉಳಿಯುವುದರಿಂದ ಎರಡು ದಿನ ಬಿಟ್ಟು ಪ್ರಯೋಜನವಿಲ್ಲ.

ಮಾತ್ರೆ ಬದಲಿಸುವುದು. ನಿಜವಾದ ಫಲ ಹೆಚ್ಚಾಗಿ ಸಿಗುವುದು ಇಲ್ಲಿ. ಬ್ಯುಪ್ರೊಪಿಯಾನ್ ಲೈಂಗಿಕ ತೊಂದರೆ ಅತಿ ಕಡಿಮೆ ಕೊಡುವ ಖಿನ್ನತೆಯ ಮಾತ್ರೆಗಳಲ್ಲಿ ಒಂದು. ಆದರೆ ಮೂರ್ಛೆರೋಗ ಇದ್ದವರಿಗೆ ಕೊಡುವಂತಿಲ್ಲ. ವರ್ಷಗಟ್ಟಲೆ ಜಾಸ್ತಿ ಕುಡಿಯುತ್ತಿದ್ದು ಈಗ ತಟ್ಟನೆ ಬಿಡುತ್ತಿರುವವರಿಗೂ ಬೇಡ. ಆತಂಕ, ಗಾಬರಿ ಜಾಸ್ತಿ ಇರುವವರಿಗೆ ಅದನ್ನು ಇನ್ನಷ್ಟು ಕೆರಳಿಸಬಹುದು. ಮಿರ್ಟಾಜಪಿನ್ ನಿದ್ದೆ ಬರಿಸುತ್ತದೆ, ಲೈಂಗಿಕವಾಗಿ ಹಗುರ, ಆದರೆ ಹಸಿವು ಹೆಚ್ಚಿಸಿ ತೂಕ ಏರಿಸುತ್ತದೆ. ನಿದ್ದೆಯೂ ಇಲ್ಲ, ಊಟವೂ ಸೇರುತ್ತಿಲ್ಲ ಅನ್ನುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಶುಗರ್ ಮತ್ತು ತೂಕ ಎರಡೂ ಇರುವವರಿಗೆ ಅಷ್ಟಕ್ಕಷ್ಟೇ. ವೋರ್ಟಿಯೋಕ್ಸೆಟಿನ್ 5 ಅಥವಾ 10 ಎಂಜಿಯಲ್ಲಿ ತೊಂದರೆ ಕಡಿಮೆ, ಡೋಸ್ ಏರಿದಂತೆ ತೊಂದರೆಯೂ ಏರುತ್ತದೆ. ಅಗೊಮೆಲಾಟಿನ್ ಕೂಡ ಹಗುರ. ಅದನ್ನು ತೆಗೆದುಕೊಳ್ಳುವಾಗ ಆಗಾಗ ಲಿವರ್ ರಕ್ತಪರೀಕ್ಷೆ ಮಾಡಿಸಬೇಕು.

ಗೀಳು ಕಾಯಿಲೆ ಇದ್ದವರಿಗೆ ಆಯ್ಕೆ ಕಿರಿದು. ಅದಕ್ಕೆ ಸೆರೊಟೋನಿನ್ ಮಾತ್ರೆಗಳೇ ಬೇಕು, ಅದೂ ದೊಡ್ಡ ಡೋಸಿನಲ್ಲಿ. ಬ್ಯುಪ್ರೊಪಿಯಾನ್‌ನಿಂದ ಅಲ್ಲಿ ಉಪಯೋಗವಿಲ್ಲ. ಅಂಥವರು ಮಾತ್ರೆಯನ್ನು ಬದಲಿಸುವ ಬದಲು, ತೊಂದರೆಗೇ ಬೇರೆ ಔಷಧ ಸೇರಿಸುವ ಬಗ್ಗೆ ಕೇಳುವುದು ಮೇಲು.

ಸೇರಿಸುವುದು. ಈಗಿನ ಮಾತ್ರೆಯಿಂದ ಮನಸ್ಸು ಚೆನ್ನಾಗಿದ್ದರೆ ಅದನ್ನು ಹಾಗೇ ಇಟ್ಟು ಬ್ಯುಪ್ರೊಪಿಯಾನ್ ಸೇರಿಸಬಹುದು. ಗಂಡಸರಿಗೆ ನಿಮಿರುವಿಕೆಯದ್ದೇ ಸಮಸ್ಯೆ ಆದರೆ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್. ತುಂಬಾ ಕಷ್ಟಪಟ್ಟು ಖಿನ್ನತೆಯಿಂದ ಹೊರಬಂದವರಿಗೆ ಈ ದಾರಿಯೇ ಸುರಕ್ಷಿತ ಅನ್ನುವುದು ನನ್ನ ಅಭಿಪ್ರಾಯ. ಕೆಲಸ ಮಾಡುತ್ತಿರುವ ಮಾತ್ರೆಯನ್ನು ಕೆದಕದಿರುವುದೇ ಲೇಸು.

ಮಾತ್ರೆ ನಿಲ್ಲಿಸಿದ ಮೇಲೂ ತೊಂದರೆ ಉಳಿದ ಪ್ರಕರಣಗಳು ವರದಿಯಾಗಿವೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಇದನ್ನು ಮಾತ್ರೆಯ ಮಾಹಿತಿಯಲ್ಲಿ ಸೇರಿಸಲು ಹೇಳಿತು. ಹೆಚ್ಚಿನವರಿಗೆ ಮಾತ್ರೆ ನಿಂತ ಮೇಲೆ ಸರಿಹೋಗುತ್ತದೆ. ಉಳಿದಿದ್ದರೆ "ನಿಮ್ಮ ಮನಸ್ಸಿನ ಭ್ರಮೆ" ಅಂತ ತಳ್ಳಿಹಾಕುವ ಡಾಕ್ಟರನ್ನು ಬಿಟ್ಟು ಇನ್ನೊಬ್ಬರನ್ನು ನೋಡಿ. ಮೊದಲ ಹೆಜ್ಜೆಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ಎದುರಿಗೆ ಮುಖ ಕಾಣುವುದಿಲ್ಲ.

ಸ್ಕಿಜೋಫ್ರೇನಿಯಾ ಮಾತ್ರೆ, ಮತ್ತು ಯಾರೂ ಅನುಮಾನಿಸದ ಗ್ಯಾಸ್ಟ್ರಿಕ್ ಮಾತ್ರೆ

ಇವೆರಡನ್ನೂ ಒಟ್ಟಿಗೆ ಇಡಲು ಕಾರಣ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು. ಬಾಣಂತಿಯಲ್ಲಿ ಹಾಲು ಬರಿಸುವ ಹಾರ್ಮೋನು ಇದೇ. ಇದು ಏರಿದರೆ ಆಸಕ್ತಿ ಇಳಿಯುತ್ತದೆ, ಗಂಡಸರಲ್ಲಿ ನಿಮಿರುವಿಕೆ ಕುಗ್ಗುತ್ತದೆ, ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಎದೆಯಿಂದ ಹಾಲಿನಂಥ ದ್ರವ ಬರಬಹುದು. ಮದುವೆಯಾಗದ ಹುಡುಗಿಗೆ ಹೀಗಾದಾಗ ಮನೆಯವರು ಏನೇನೋ ಅನುಮಾನಪಟ್ಟು ಅವಳನ್ನು ನೋಯಿಸುತ್ತಾರೆ. ಕಾರಣ ಮಾತ್ರೆಯಲ್ಲಿರುತ್ತದೆ.

ಸ್ಕಿಜೋಫ್ರೇನಿಯಾಕ್ಕೆ, ಅಂದರೆ ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಕಾಡುವ ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್, ಅಮಿಸಲ್ಪ್ರೈಡ್, ಹ್ಯಾಲೊಪೆರಿಡಾಲ್ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಕ್ವೆಟಿಯಾಪಿನ್ ಅಷ್ಟಾಗಿ ಏರಿಸುವುದಿಲ್ಲ. ಅರಿಪಿಪ್ರಜೋಲ್ ಇಳಿಸುತ್ತದೆ, ಹಾಗಾಗಿ ರಿಸ್ಪೆರಿಡೋನ್ ಜೊತೆಗೇ ಸಣ್ಣ ಡೋಸಿನಲ್ಲಿ ಅದನ್ನು ಸೇರಿಸುವುದೂ ಉಂಟು. ಈ ಕಾಯಿಲೆಯಲ್ಲಿ ಮಾತ್ರೆ ತಾನಾಗಿ ಬಿಟ್ಟರೆ ಕಾಯಿಲೆ ಮರುಕಳಿಸಿ ಆಸ್ಪತ್ರೆ ಸೇರಬೇಕಾಗಬಹುದು. ಬದಲಾವಣೆ ಡಾಕ್ಟರ ಕಣ್ಣೆದುರೇ ಆಗಬೇಕು.

ಇನ್ನು ಗ್ಯಾಸ್ಟ್ರಿಕ್. ಪ್ಯಾಂಟೊಪ್ರಜೋಲ್ ಅಥವಾ ರ‍್ಯಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲ್ ನಮ್ಮಲ್ಲಿ ತುಂಬಾ ಓಡುತ್ತದೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಳ್ಳುವವರಿದ್ದಾರೆ. ಈ ಲೆವೊಸಲ್ಪಿರೈಡ್ ಅಮಿಸಲ್ಪ್ರೈಡಿನ ನೆಂಟ, ಅದೂ ಪ್ರೊಲ್ಯಾಕ್ಟಿನ್ ಏರಿಸುತ್ತದೆ. ವಯಸ್ಸಾದವರಲ್ಲಿ ಕೈನಡುಕವನ್ನೂ ತರಬಹುದು. ಡಾಂಪೆರಿಡೋನ್ ಕೂಡ ಪ್ರೊಲ್ಯಾಕ್ಟಿನ್ ಏರಿಸುವುದೇ. ಬರೀ ಎದೆಯುರಿ, ಹುಳಿತೇಗು ಇದ್ದರೆ ಬಹಳ ಜನಕ್ಕೆ ಒಂಟಿ ಪ್ಯಾಂಟೊಪ್ರಜೋಲ್ ಸಾಕು. ಈ ಇಡೀ ಲೇಖನದಲ್ಲಿ ಅತಿ ಸುಲಭವಾಗಿ ಸರಿಪಡಿಸಬಹುದಾದ ತೊಂದರೆ ಇದೇ.

ಪ್ರಾಸ್ಟೇಟ್ ಮತ್ತು ಕೂದಲು

ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವವರಿಗೆ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಒಂದು ಬಗೆ ಮೂತ್ರದ ದಾರಿಯನ್ನು ಸಡಿಲಿಸುತ್ತದೆ: ಟ್ಯಾಮ್ಸುಲೋಸಿನ್, ಸಿಲೋಡೋಸಿನ್, ಅಲ್ಫುಜೋಸಿನ್. ಇವುಗಳಿಂದ ನಿಮಿರುವಿಕೆ ಕೆಡುವುದು ಕಡಿಮೆ, ಆದರೆ ವೀರ್ಯ ಕಡಿಮೆಯಾಗಬಹುದು ಅಥವಾ ಹೊರಗೇ ಬರದಿರಬಹುದು. ಸಿಲೋಡೋಸಿನ್‌ನಲ್ಲಿ ಇದು ಅತಿ ಹೆಚ್ಚು. ಅಮೆರಿಕದ ಪರೀಕ್ಷೆಗಳಲ್ಲಿ ಶೇ. 28ರಷ್ಟು ಮಂದಿಗೆ ಹೀಗಾಯಿತು. ಟ್ಯಾಮ್ಸುಲೋಸಿನ್ ನಡುವೆ, ಅಲ್ಫುಜೋಸಿನ್ ಅತಿ ಕಡಿಮೆ. ವೀರ್ಯ ಹೊರಬರದಿರುವುದು ಅಪಾಯವಲ್ಲ. ಮಗು ಬೇಕಿರುವವರಿಗೆ ಮಾತ್ರ ಇದು ದೊಡ್ಡ ವಿಷಯ.

ಇನ್ನೊಂದು ಬಗೆ ಗ್ರಂಥಿಯನ್ನೇ ಕುಗ್ಗಿಸುತ್ತದೆ: ಫಿನಾಸ್ಟರೈಡ್, ಡ್ಯುಟಾಸ್ಟರೈಡ್. ಪೂರ್ತಿ ಫಲ ಕಾಣಲು 6 ತಿಂಗಳು ಬೇಕು. ಆಸಕ್ತಿ ಮತ್ತು ನಿಮಿರುವಿಕೆ ಎರಡನ್ನೂ ಇವು ಕುಗ್ಗಿಸಬಹುದು. ಟ್ಯಾಮ್ಸುಲೋಸಿನ್ ಮತ್ತು ಡ್ಯುಟಾಸ್ಟರೈಡ್ ಸೇರಿದ ಕ್ಯಾಪ್ಸೂಲ್ ನಿಮ್ಮ ಚೀಟಿಯಲ್ಲಿದ್ದರೆ ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಗ್ರಂಥಿಯ ಗಾತ್ರ ನೋಡಿ. ಸುಮಾರು 30-40 ಗ್ರಾಂ ದಾಟಿದ್ದರೆ ಕುಗ್ಗಿಸುವ ಮಾತ್ರೆಗೆ ಅರ್ಥವಿದೆ. ಅದಕ್ಕಿಂತ ಚಿಕ್ಕದಿದ್ದರೆ "ಸಡಿಲಿಸುವ ಮಾತ್ರೆಯೊಂದೇ ಸಾಕಾಗುತ್ತದಾ?" ಅಂತ ಕೇಳಿ. ಮೂತ್ರದ ತೊಂದರೆಯೂ ನಿಮಿರುವಿಕೆಯ ತೊಂದರೆಯೂ ಎರಡೂ ಇದ್ದರೆ ದಿನಕ್ಕೆ 5 ಎಂಜಿ ಟಡಾಲಾಫಿಲ್ ಎರಡಕ್ಕೂ ಆಗುತ್ತದೆ. ಒಂದು ಎಚ್ಚರ: ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ತಗೊಳ್ಳುವವರಲ್ಲಿ ಪಿಎಸ್ಎ (ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ ನೋಡುವ ರಕ್ತಪರೀಕ್ಷೆ) ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದನ್ನು ಡಾಕ್ಟರಿಗೆ ನೆನಪಿಸಿ.

ಅದೇ ಫಿನಾಸ್ಟರೈಡನ್ನು 1 ಎಂಜಿಯಲ್ಲಿ ಕೂದಲಿಗೆ ಕೊಡುತ್ತಾರೆ. ತಯಾರಕರ ಪರೀಕ್ಷೆಯಲ್ಲಿ ಲೈಂಗಿಕ ತೊಂದರೆ ಶೇ. 3.8 ಮಂದಿಗೆ, ಸುಳ್ಳು ಮಾತ್ರೆಯವರಲ್ಲಿ ಶೇ. 2.1. ಅಂಕಿ ಚಿಕ್ಕದು. ಆದರೆ ಬಿಪಿ ಮಾತ್ರೆಯ ಅಗತ್ಯ ಬೇರೆ, ಕೂದಲಿನ ಮಾತ್ರೆಯ ಅಗತ್ಯ ಬೇರೆ. ತೊಂದರೆ ಶುರುವಾದರೆ ಅಥವಾ ಮನಸ್ಸು ಕುಗ್ಗಿದರೆ ಇದನ್ನು ನಿಲ್ಲಿಸಿ ಡಾಕ್ಟರನ್ನು ನೋಡಿ. ತಲೆಗೆ ಹಚ್ಚುವ ಮಿನಾಕ್ಸಿಡಿಲ್‌ಗೆ ಈ ಕಾಟವಿಲ್ಲ.

ಹೆಂಗಸರಿಗೆ ಯಾರೂ ಕೇಳುವುದಿಲ್ಲ

ಮೇಲೆ ಹೇಳಿದ ಖಿನ್ನತೆಯ ಮಾತ್ರೆಗಳು ಹೆಂಗಸರಿಗೂ ಅಷ್ಟೇ ಕಾಡುತ್ತವೆ. ಗರ್ಭನಿರೋಧಕ ಗುಳಿಗೆಯಿಂದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಆಸಕ್ತಿ ಇಳಿಯುತ್ತದೆ. ಅಂಥವರಿಗೆ ಹಾರ್ಮೋನು ಇಲ್ಲದ ಕಾಪರ್ ಟಿ ಒಳ್ಳೆಯ ಬದಲಿ. ಆದರೆ ಅದರಲ್ಲಿ ಮುಟ್ಟಿನ ರಕ್ತಸ್ರಾವ ಹೆಚ್ಚಾಗಬಹುದು, ರಕ್ತಹೀನತೆ ಇದ್ದರೆ ಯೋಚಿಸಿ.

ಸ್ತನ ಕ್ಯಾನ್ಸರ್ ಚಿಕಿತ್ಸೆಯಾದ ಮೇಲೆ ವರ್ಷಗಟ್ಟಲೆ ಟ್ಯಾಮೋಕ್ಸಿಫೆನ್ ಅಥವಾ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ತೆಗೆದುಕೊಳ್ಳುವ ಅಕ್ಕಂದಿರ ಕಷ್ಟ ದೊಡ್ಡದು. ಒಣಗುವುದು, ನೋವು ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಲ್ಲಿ ಜಾಸ್ತಿ. "ಜೀವ ಉಳಿದಿದೆಯಲ್ಲ, ಇನ್ನೇನು" ಅನ್ನುವ ಮಾತು ಕೇಳಿ ಕೇಳಿ ಅವರು ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬೇಡಿ. ವಾರಕ್ಕೆ ಎರಡು ಮೂರು ಸಲ ಬಳಸುವ ಯೋನಿ ಮಾಯಿಶ್ಚರೈಸರ್, ಸಂಭೋಗದ ಹೊತ್ತಿಗೆ ನೀರಿನಾಧಾರದ ಜೆಲ್ ಎರಡೂ ಹಾರ್ಮೋನು ಇಲ್ಲದವು, ಮೆಡಿಕಲ್‌ನಲ್ಲೇ ಸಿಗುತ್ತವೆ. ಕೊಬ್ಬರಿ ಎಣ್ಣೆ ಬಳಸುವವರಿದ್ದಾರೆ. ಕಾಂಡೋಮ್ ಬಳಸುವುದಾದರೆ ಬೇಡ, ಎಣ್ಣೆ ತಾಗಿದರೆ ರಬ್ಬರ್ ಹರಿಯುತ್ತದೆ. ಈಸ್ಟ್ರೊಜೆನ್ ಕ್ರೀಮನ್ನು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಟ್ಯಾಮೋಕ್ಸಿಫೆನ್ ತಗೊಳ್ಳುವವರಿಗೆ ಖಿನ್ನತೆಗೆ ಪ್ಯಾರೊಕ್ಸೆಟಿನ್, ಫ್ಲೂಕ್ಸೆಟಿನ್, ಬ್ಯುಪ್ರೊಪಿಯಾನ್ ಹೊಂದುವುದಿಲ್ಲ. ಟ್ಯಾಮೋಕ್ಸಿಫೆನ್ ಮೈಯಲ್ಲಿ ಕೆಲಸಕ್ಕೆ ಬರುವ ರೂಪಕ್ಕೆ ಮಾರ್ಪಡುವುದನ್ನು ಇವು ತಡೆಯುತ್ತವೆ. ಇಲ್ಲಿ ವೆನ್ಲಾಫ್ಯಾಕ್ಸಿನ್ ಮೇಲು, ಅದು ಟ್ಯಾಮೋಕ್ಸಿಫೆನ್‌ನಿಂದ ತಟ್ಟನೆ ಮೈ ಬಿಸಿಯೇರುವುದನ್ನೂ ತಗ್ಗಿಸುತ್ತದೆ.

ಸಿಲ್ಡೆನಾಫಿಲ್: ಯಾರಿಗೆ ಬೇಡ

ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಸಿಲ್ಡೆನಾಫಿಲ್, ಟಡಾಲಾಫಿಲ್ ಮುಟ್ಟಲೇಬಾರದು. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್, ಐಸೊಸಾರ್ಬೈಡ್, ನೈಟ್ರೊಗ್ಲಿಸರಿನ್ ಎಲ್ಲವೂ ನೈಟ್ರೇಟೇ. ನಿಕೊರಾಂಡಿಲ್ ಕೂಡ ಹಾಗೇ. ಎರಡೂ ಸೇರಿದರೆ ಬಿಪಿ ಪ್ರಾಣಾಪಾಯದಷ್ಟು ಕುಸಿಯುತ್ತದೆ. ಸಿಲ್ಡೆನಾಫಿಲ್ ತಗೊಂಡ 24 ಗಂಟೆ, ಟಡಾಲಾಫಿಲ್ ತಗೊಂಡ 48 ಗಂಟೆಯೊಳಗೆ ಎದೆನೋವು ಬಂದರೆ ನಾಚಿಕೆ ಬಿಟ್ಟು ಆಸ್ಪತ್ರೆಯವರಿಗೆ ಮೊದಲು ಅದನ್ನೇ ಹೇಳಿ. ಟ್ಯಾಮ್ಸುಲೋಸಿನ್‌ನಂಥ ಪ್ರಾಸ್ಟೇಟ್ ಮಾತ್ರೆ ತಗೊಳ್ಳುವವರು ಸಣ್ಣ ಡೋಸಿನಿಂದ ಶುರು ಮಾಡಬೇಕು. ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ "ಗುಪ್ತ ಸಮಸ್ಯೆ" ಚೀಟಿ ನೋಡಿ ಪುಡಿ, ಲೇಹ್ಯ ತರಬೇಡಿ. ಗಿಡಮೂಲಿಕೆ ಅಂತ ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ನೈಟ್ರೇಟ್ ತಗೊಳ್ಳುವವರಿಗೆ ಅದು ಗೊತ್ತಾಗುವುದೇ ಇಲ್ಲ.

ಡಾಕ್ಟರ ಮುಂದೆ ಬಾಯಿ ಬಿಡುವುದು ಹೇಗೆ

ಪಕ್ಕದಲ್ಲಿ ಮಗನೋ ಸೊಸೆಯೋ ಇದ್ದರೆ "ಡಾಕ್ಟರೇ, ಎರಡು ನಿಮಿಷ ಒಬ್ಬನೇ ಮಾತಾಡಬೇಕು" ಅನ್ನಿ. ಅದಾದ ಮೇಲೆ ಒಂದೇ ವಾಕ್ಯ ಸಾಕು: "ಈ ಮಾತ್ರೆ ಶುರುವಾದ ಮೇಲೆ ಸಂಸಾರದಲ್ಲಿ ತೊಂದರೆ ಆಗ್ತಿದೆ, ಬೇರೆ ಮಾತ್ರೆ ಇದೆಯಾ?" ಸಂಸಾರ ಅನ್ನುವ ಮಾತು ಎಲ್ಲ ಡಾಕ್ಟರಿಗೂ ಅರ್ಥವಾಗುತ್ತದೆ. ಬಾಯಿ ಬರದಿದ್ದರೆ ದಿನಾಂಕ ಬರೆದ ಹಾಳೆಯ ಕೆಳಗೆ ಅದನ್ನೇ ಬರೆದು ಮೇಜಿನ ಮೇಲಿಡಿ. ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿ ಒಯ್ಯಿರಿ, ಗ್ಯಾಸ್ಟ್ರಿಕ್ ಕ್ಯಾಪ್ಸೂಲನ್ನೂ ಸೇರಿಸಿ. ಮಾತ್ರೆ ಬದಲಾದರೆ ಹೊಸದಕ್ಕೆ ಒಂದೆರಡು ತಿಂಗಳು ಸಮಯ ಕೊಡಿ. ಆ ದಿನಗಳಲ್ಲಿ ಬಿಪಿ ಮಾತ್ರೆಯವರು ವಾರಕ್ಕೆ ಒಂದೆರಡು ಸಲ ಬಿಪಿ ನೋಡಿಸಿ ಬರೆದಿಡಬೇಕು. ಮನಸ್ಸಿನ ಮಾತ್ರೆಯವರು ನಿದ್ದೆ, ಊಟ, ಬೇಸರ ಹೇಗಿದೆ ಅಂತ ಮನೆಯ ಒಬ್ಬರಿಗಾದರೂ ಹೇಳುತ್ತಿರಬೇಕು.